ಜೆಲ್ಲುಗಳ ದಾರ್ಢ್ಯವೂ ಆಮ್ಲತೆಯೂ

೧. ಪೀಠಿಕೆ

ಪದಾರ್ಥಗಳನ್ನು ಘನ, ದ್ರವ, ಅನಿಲ ಎಂದು ಮೂರು ಬಗೆಯಾಗಿ ವಿಂಗಡಿಸುವುದು ಶಾಲೆಯ ಪಾಠದ ವಾಡಿಕೆ. ಈ ವಿಂಗಡಣೆ ಸುಲಭವಾದದ್ದು. ಆದರೆ ಅಡಿಗೆಮನೆಯ ಮೊಸರಿನ ಗಡಿಗೆಯ ಮುಂದೆ ಅದು ತಡವರಿಸುತ್ತದೆ. ಚೆನ್ನಾಗಿ ಹೆಪ್ಪುಗೊಂಡ ಮೊಸರು ಘನವೋ ದ್ರವವೋ? ಗಡಿಗೆಯನ್ನು ತುಸು ಓರೆ ಮಾಡಿದರೆ ಅದು ಹರಿಯುವುದಿಲ್ಲ. ಬೆರಳಿನಿಂದ ಮೆಲ್ಲನೆ ಒತ್ತಿ ಬಿಟ್ಟರೆ ನಡುಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಈ ದೃಷ್ಟಿಯಿಂದ ಅದು ಘನ. ಆದರೆ ಅದರ ತೂಕದಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕಿಂತ ಮಿಗಿಲಾಗಿ ಇರುವುದು ನೀರೇ. ಇಂತಹ ಉಭಯಸ್ವಭಾವದ ಪದಾರ್ಥಕ್ಕೆ ಜೆಲ್ ಎಂದು ಹೆಸರು. ಅಂಟಿನಂತಹ ಈ ಪದಾರ್ಥಗಳ ಕುಲವನ್ನು ಪ್ರತ್ಯೇಕವಾಗಿ ಗುರುತಿಸಿ, ಗ್ರೀಕ್ ಭಾಷೆಯ ಅಂಟು ಎಂಬರ್ಥದ ಪದದಿಂದ ಅದಕ್ಕೆ ಕೊಲಾಯಿಡ್ ಎಂದು ನಾಮಕರಣ ಮಾಡಿದವನು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ, ವರ್ಷ ೧೮೬೧. ನೀರನ್ನೇ ಒಡಲಾಗಿ ಉಳ್ಳ ಜೆಲ್ಲನ್ನು ಇಂದು ಹೈಡ್ರೋಜೆಲ್ ಎನ್ನುತ್ತಾರೆ.

ಹಾಲು ಮೊಸರಾಗುವುದು ಹುಳಿಯಿಂದ ಎಂಬುದು ಎಲ್ಲರೂ ಬಲ್ಲ ವಿಷಯ. ಹಾಗಾದರೆ ಹುಳಿ, ಎಂದರೆ ಆಮ್ಲ, ಜೆಲ್ಲನ್ನು ಗಟ್ಟಿ ಮಾಡುತ್ತದೆ ಎಂದು ಸೂತ್ರ ಕಟ್ಟಬಹುದೇ? ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಮನೆಮನೆಗೂ ಬಂದ ಕೈಶುದ್ಧಿಯ ಜೆಲ್ಲು ಈ ಸೂತ್ರವನ್ನು ಒಪ್ಪುವುದಿಲ್ಲ. ಅಂತಹ ಅನೇಕ ಜೆಲ್ಲುಗಳಿಗೆ ಮೂಲವಾದ ಕಾರ್ಬೋಮರ್ ಎಂಬ ಪುಡಿ ಆಮ್ಲಜಾತಿಯದು. ಅದನ್ನು ದ್ರವದಲ್ಲಿ ಕದಡಿದಾಗ ತೆಳುವಾಗಿಯೇ ಇರುತ್ತದೆ. ಕ್ಷಾರಗುಣದ ವಸ್ತುವನ್ನು ಸೇರಿಸಿ ಹುಳಿಯನ್ನು ತೆಗೆದಾಗ ಮಾತ್ರ ಗಟ್ಟಿಯಾಗುತ್ತದೆ. ಒಂದು ಕಡೆ ಹುಳಿ ಬಂದರೆ ಬಲ, ಇನ್ನೊಂದು ಕಡೆ ಹುಳಿ ಹೋದರೆ ಬಲ. ಈ ವಿರೋಧ ಕೇವಲ ತೋರಿಕೆಯದು. ಇದರ ಪರಿಹಾರವನ್ನು ಅರಿತರೆ, ಪಾಲಿಮರ್ ಮತ್ತು ಮಾರ್ಜಕಗಳೆರಡೂ ಸೇರಿ ಆಗುವ ಇನ್ನೂ ತೊಡಕಾದ ಜೆಲ್ಲುಗಳ ನಡವಳಿಕೆಯೂ ತಿಳಿಯಾಗುತ್ತದೆ. ಆ ವಿವೇಚನೆಯೇ ಪ್ರಸ್ತುತ ಲೇಖನದ ಉದ್ದೇಶ.

೨. ಜೆಲ್ಲಿನ ಅಂತರ್ರಚನೆ

ಸಣ್ಣ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಸರಪಳಿಯ ಕೊಂಡಿಗಳಂತೆ ಜೋಡಣೆಗೊಂಡು ಆಗುವ ಬೃಹದಣುವೇ ಪಾಲಿಮರ್. ಇಂತಹ ದೀರ್ಘವಾದ ಅಣುಗಳು ನಿಜವಾಗಿಯೂ ಉಂಟೆಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ ೧೯೨೦ರಲ್ಲಿ ಪ್ರತಿಪಾದಿಸಿದಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ. ೧೯೫೩ರಲ್ಲಿ ಅದೇ ಸಾಧನೆಗಾಗಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ಸರಪಳಿಗಳು ಅಲ್ಲಲ್ಲಿ ಒಂದಕ್ಕೊಂದು ಗಂಟು ಬಿದ್ದರೆ ಬಲೆಯಾಗುತ್ತದೆ. ಬಲೆಯ ಕಣ್ಣುಗಳಲ್ಲಿ ನೀರು ನಿಲ್ಲುತ್ತದೆ. ನೀರು ಬಲೆಯನ್ನು ಕುಸಿಯಗೊಡದು. ಬಲೆ ನೀರನ್ನು ಹರಿಯಗೊಡದು. ಪರಸ್ಪರ ಅವಲಂಬನೆಯ ಈ ಸ್ಥಿತಿಯೇ ಹೈಡ್ರೋಜೆಲ್.

ಗಂಟುಗಳಲ್ಲಿ ಎರಡು ಬಗೆ. ರಾಸಾಯನಿಕ ಬಂಧದಿಂದಾದ ಗಂಟು ಶಾಶ್ವತ. ಒಮ್ಮೆ ಹರಿದರೆ ಮತ್ತೆ ಕೂಡದು. ವಿದ್ಯುದಾಕರ್ಷಣೆಯಿಂದಲೋ, ಎಣ್ಣೆಯ ಅಂಶಗಳು ನೀರಿಗೆ ಅಂಜಿ ಒಟ್ಟುಗೂಡುವುದರಿಂದಲೋ ಆದ ಗಂಟು ತಾತ್ಕಾಲಿಕ. ಬಿಚ್ಚುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ.

ಜೆಲ್ಲಿನ ಬಲವನ್ನು ಅಳೆಯುವಾಗ ಮೂರು ಗುಣಗಳನ್ನು ಬೇರೆ ಬೇರೆಯಾಗಿ ಎಣಿಸಬೇಕು. ಎಷ್ಟು ಒತ್ತಿದರೆ ಎಷ್ಟು ಬಾಗುತ್ತದೆ ಎಂಬುದು ಬಿಗಿತ. ಒಡೆಯುವ ಮುನ್ನ ಎಷ್ಟು ದೂರ ಹಿಗ್ಗುತ್ತದೆ ಎಂಬುದು ಹಿಗ್ಗುವಿಕೆ. ಒಡೆಯಲು ಎಷ್ಟು ಶಕ್ತಿ ಬೇಕು ಎಂಬುದು ಗಡಸುತನ. ಹಪ್ಪಳಕ್ಕೆ ಬಿಗಿತವುಂಟು, ಗಡಸುತನವಿಲ್ಲ. ರಬ್ಬರಿನ ಪಟ್ಟಿಗೆ ಬಿಗಿತ ಕಡಮೆ, ಗಡಸುತನ ಹೆಚ್ಚು. ಬಿಗಿತದ ಮಾನ ಪಾಸ್ಕಲ್. ನೂರು ಗ್ರಾಂ ತೂಕವನ್ನು ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಇಟ್ಟರೆ ಉಂಟಾಗುವ ಒತ್ತಡ ಸುಮಾರು ೧೦,೦೦೦ ಪಾಸ್ಕಲ್. ಪ್ರಯೋಗಶಾಲೆಯಲ್ಲಿ ಜೆಲ್ಲನ್ನು ಎರಡು ತಟ್ಟೆಗಳ ನಡುವೆ ಇರಿಸಿ, ಒಂದನ್ನು ಅತ್ತಿತ್ತ ಸ್ವಲ್ಪವೇ ತಿರುಗಿಸಿ, ಕೊಟ್ಟ ಶಕ್ತಿಯಲ್ಲಿ ಎಷ್ಟನ್ನು ಅದು ಹಿಂದಿರುಗಿಸಿತು, ಎಷ್ಟನ್ನು ನುಂಗಿತು ಎಂದು ಲೆಕ್ಕ ಹಾಕುತ್ತಾರೆ. ಹಿಂದಿರುಗಿಸಿದ ಪಾಲು ಘನಸ್ವಭಾವದ ಗುರುತು. ನುಂಗಿದ ಪಾಲು ದ್ರವಸ್ವಭಾವದ ಗುರುತು.

೩. ಆಮ್ಲತೆಯ ಮಾನ

ನೀರಿನಲ್ಲಿ ಹೈಡ್ರೊಜನ್ ಅಯಾನುಗಳು ಎಷ್ಟಿವೆ ಎಂಬುದೇ ಆಮ್ಲತೆಯ ಅಳತೆ. ಇದಕ್ಕೆ ಪಿ.ಎಚ್. ಎಂಬ ಮಾನವನ್ನು ೧೯೦೯ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರೆನ್‌ಸೆನ್ ಬಳಕೆಗೆ ತಂದನು. ಈ ಅಂಕೆ ಇಳಿದಷ್ಟೂ ಹುಳಿ ಏರುತ್ತದೆ, ಮತ್ತು ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ಏರುತ್ತದೆ. ಶುದ್ಧಜಲಕ್ಕೆ ೭, ಹಾಲಿಗೆ ಸುಮಾರು ೬.೬, ರಕ್ತಕ್ಕೆ ೭.೪, ನಿಂಬೆಯ ರಸಕ್ಕೆ ೨ರ ಆಸುಪಾಸು. ಹಾಲಿನ ಪಿ.ಎಚ್. ೬.೬ರಿಂದ ೪.೬ಕ್ಕೆ ಇಳಿಯಿತೆಂದರೆ ಅಂಕೆ ಇಳಿದದ್ದು ಎರಡೇ ಆದರೂ ಅಯಾನುಗಳು ನೂರ್ಮಡಿಯಾದುವೆಂದು ತಿಳಿಯಬೇಕು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಸ್ಥಳ ಇದು.

ಹಾಲಿನಲ್ಲಿರುವ ಕೇಸಿನ್ ಎಂಬ ಸಸಾರಜನಕದ ಕಣಗಳು ಋಣವಿದ್ಯುತ್ತಿನಿಂದ ಕೂಡಿದ್ದು, ಒಂದನ್ನೊಂದು ದೂಡುತ್ತ ತೇಲುತ್ತಿರುತ್ತವೆ. ಹೆಪ್ಪಿನ ಜೀವಾಣುಗಳು ಲ್ಯಾಕ್ಟಿಕ್ ಆಮ್ಲವನ್ನು ಮೆಲ್ಲಮೆಲ್ಲನೆ ಹುಟ್ಟಿಸಿದಂತೆ ಈ ವಿದ್ಯುತ್ತು ಅಳಿಯುತ್ತದೆ, ಪಿ.ಎಚ್. ೪.೬ರ ಬಳಿ ದೂಡುವ ಬಲವೇ ಇಲ್ಲವಾಗಿ ಕಣಗಳು ಕೈಹಿಡಿದು ಬಲೆ ಕಟ್ಟುತ್ತವೆ. ಕಾಯಿಸಿದ ಹಾಲಿಗೆ ನಿಂಬೆಯ ರಸವನ್ನು ಒಮ್ಮೆಗೇ ಹಿಂಡಿದರೆ ಮೊಸರಾಗದು. ಹಾಲು ಒಡೆದು ಗಿಣ್ಣದಂತೆ ಗಂಟುಗಟ್ಟಿ ನೀರು ಬೇರೆಯಾಗುತ್ತದೆ. ಎರಡು ಕಡೆಯೂ ಹುಳಿಯೇ ಕಾರಣ. ಬಿಸಿಯಲ್ಲೂ ಹುಳಿ ಬಂದ ವೇಗದಲ್ಲೂ ವ್ಯತ್ಯಾಸ. ಆದುದರಿಂದ ಹುಳಿ ಎಷ್ಟು ಎಂಬುದರಂತೆಯೇ ಎಷ್ಟು ಬೇಗ ಎಂಬುದೂ ಜೆಲ್ಲಿನ ಗತಿಯನ್ನು ನಿರ್ಣಯಿಸುತ್ತದೆ.

೪. ಬಲೆಯ ಸಂಕೋಚ ಮತ್ತು ವಿಕಾಸ

ಕಾರ್ಬೋಮರ್ ಜೆಲ್ಲಿನಲ್ಲಿರುವುದು ಪಾಲಿಅಕ್ರಿಲಿಕ್ ಆಮ್ಲದ ಸರಪಳಿ. ಇದರ ಕೊಂಡಿಕೊಂಡಿಯಲ್ಲಿಯೂ ಒಂದು ಆಮ್ಲಾಂಶವಿದೆ. ಸುತ್ತಲೂ ಹುಳಿಯಿದ್ದರೆ ಅದು ತನ್ನ ಹೈಡ್ರೊಜನ್ನನ್ನು ಬಿಡುವುದಿಲ್ಲ, ಸರಪಳಿಗೆ ವಿದ್ಯುತ್ತಿಲ್ಲ, ಅದು ಮುದುಡಿ ಕುಳಿತಿರುತ್ತದೆ. ಕ್ಷಾರ ಬಂದರೆ ಹೈಡ್ರೊಜನ್ನು ಹೊರಟು ಕೊಂಡಿಗಳೆಲ್ಲ ಋಣವಿದ್ಯುತ್ತನ್ನು ತಳೆಯುತ್ತವೆ. ಸಜಾತೀಯ ವಿದ್ಯುತ್ತುಗಳು ಪರಸ್ಪರ ದೂಡುವುದರಿಂದ ಸರಪಳಿ ಚಾಚುತ್ತದೆ. ಜೊತೆಗೆ ಬಲೆಯೊಳಗೆ ಸಿಕ್ಕಿಬಿದ್ದ ಎದುರುಅಯಾನುಗಳು ಹೊರಗಿನ ನೀರನ್ನು ಒಳಗೆ ಎಳೆಯುತ್ತವೆ. ಜೆಲ್ಲು ಉಬ್ಬುತ್ತದೆ.

ಹಾಗಾದರೆ ಉಬ್ಬಿದ ಜೆಲ್ಲು ಬಿಗಿಯೋ ಸಡಿಲವೋ? ಸೀಸೆಯಲ್ಲಿ ಕಾರ್ಬೋಮರ್ ಪುಡಿಯ ಅಸಂಖ್ಯ ಕಣಗಳಿವೆ. ಪ್ರತಿಯೊಂದೂ ಉಬ್ಬಿ ಸೀಸೆಯನ್ನೆಲ್ಲ ತುಂಬಿ, ಸಂತೆಯ ಜನಸಂದಣಿಯಂತೆ ಒಂದನ್ನೊಂದು ಒತ್ತುವುದರಿಂದ ಒಟ್ಟು ಜೆಲ್ಲು ಹರಿಯಲಾರದೆ ನಿಲ್ಲುತ್ತದೆ. ಆದರೆ ಅದೇ ಪಾಲಿಮರಿನ ಒಂದೇ ತುಂಡನ್ನು ಧಾರಾಳವಾದ ನೀರಿನಲ್ಲಿಟ್ಟರೆ ಫಲ ಬೇರೆ. ತುಂಡು ಉದ್ದ, ಅಗಲ, ಎತ್ತರಗಳಲ್ಲಿ ಎರಡೆರಡು ಪಟ್ಟಾದರೆ ಗಾತ್ರ ಎಂಟು ಪಟ್ಟಾಗುತ್ತದೆ. ಗಂಟುಗಳ ಸಂಖ್ಯೆ ಮಾತ್ರ ಮೊದಲಿನಷ್ಟೇ. ಆದರ್ಶಜಾಲದ ಸಿದ್ಧಾಂತದಂತೆ ಅದರ ಬಿಗಿತ ಅರ್ಧಕ್ಕೆ ಇಳಿಯುತ್ತದೆ. ಇನ್ನೂ ಬಹಳವಾಗಿ ಉಬ್ಬಿದರೆ ಸರಪಳಿಗಳು ತಮ್ಮ ಪೂರ್ಣ ನೀಳಕ್ಕೆ ಸೆಟೆದು ನಿಲ್ಲುವುದರಿಂದ ಬಿಗಿತ ಮತ್ತೆ ಏರಬಹುದು. ಆದರೆ ಹಿಗ್ಗಲು ಅವಕಾಶ ಉಳಿಯದೆ ತುಂಡು ಸ್ವಲ್ಪ ಒತ್ತಿದರೂ ಬಿರಿಯುತ್ತದೆ. ಹುಳಿಯಲ್ಲಿ ಕುಗ್ಗಿದ ತುಂಡು ಚಿಕ್ಕದೂ ದಟ್ಟವೂ ಬಿಗಿಯೂ ಆಗಿರುತ್ತದೆ.

ಈ ಸಂಕೋಚ ವಿಕಾಸಗಳಿಂದ ಕೆಲಸ ಮಾಡಿಸಬಹುದೆಂದು ತೋರಿಸಿದವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವರ್ನರ್ ಕೂನ್ ಮತ್ತು ಇಸ್ರೇಲಿನ ಅಹರೋನ್ ಕಚಾಲ್‌ಸ್ಕಿ. ೧೯೪೯ ಮತ್ತು ೧೯೫೦ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಜೆಲ್ಲಿನ ಎಳೆ ಆಮ್ಲ ತಾಕಿದಾಗ ಕುಗ್ಗಿ, ಕ್ಷಾರ ತಾಕಿದಾಗ ಹಿಗ್ಗಿ, ಸ್ನಾಯುವಿನಂತೆ ವರ್ತಿಸಿತು. ಮುಂದೆ ೧೯೭೮ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ತೊಯೊಯಿಚಿ ತನಕ, ಜೆಲ್ಲಿನ ಕುಸಿತ ಕೆಲವೊಮ್ಮೆ ಕ್ರಮಕ್ರಮವಾಗಿ ಆಗದೆ, ನೀರು ಆವಿಯಾಗುವಂತೆ ಒಂದು ಗಡಿಯಲ್ಲಿ ಥಟ್ಟನೆ ಆಗುತ್ತದೆಂದು ತೋರಿಸಿದನು.

೫. ಮಾರ್ಜಕದ ಪ್ರವೇಶ

ಸಂಸ್ಕೃತದಲ್ಲಿ ಸ್ನೇಹ ಎಂಬ ಒಂದೇ ಶಬ್ದಕ್ಕೆ ಎಣ್ಣೆ ಎಂದೂ ಒಲವು ಎಂದೂ ಅರ್ಥವಿದೆ. ಮಾರ್ಜಕದ ಅಣುವಿನಲ್ಲಿ ಈ ಎರಡರ್ಥಗಳೂ ಕೂಡಿವೆ. ಅದರ ತಲೆ ನೀರಿಗೆ ಒಲಿದದ್ದು. ನೀಳವಾದ ಬಾಲ ಎಣ್ಣೆಗೆ ಒಲಿದದ್ದು. ಸಾಬೂನು, ಸೀಗೆಕಾಯಿ ಮತ್ತು ಅಂಟವಾಳದ ನೊರೆಕಾರಕ ಅಂಶಗಳು, ಹಲ್ಲುಜ್ಜುವ ಪೇಸ್ಟಿನಲ್ಲಿರುವ ಸೋಡಿಯಂ ಡೋಡಿಸೈಲ್ ಸಲ್ಫೇಟ್, ಗಾಯ ತೊಳೆಯುವ ಕೆಲವು ದ್ರವಗಳಲ್ಲಿರುವ ಸೆಟ್ರಿಮೈಡ್, ಇವೆಲ್ಲ ಈ ಕುಲಕ್ಕೆ ಸೇರಿದುವು. ನೀರಿನಲ್ಲಿ ಇವು ಒಂದು ಮಿತಿಯನ್ನು ಮೀರಿದಾಗ ಬಾಲಗಳನ್ನು ಒಳಗಿಟ್ಟು ತಲೆಗಳನ್ನು ಹೊರಗಿಟ್ಟು ಚೆಂಡುಗಳಾಗಿ ಗುಂಪುಗೂಡುತ್ತವೆ. ಈ ಚೆಂಡಿಗೆ ಮಿಸೆಲ್ ಎಂದು ಹೆಸರು. ಇದರ ಕಲ್ಪನೆಯನ್ನು ೧೯೧೩ರಲ್ಲಿ ಮುಂದಿಟ್ಟವನು ಮೆಕ್‌ಬೇನ್. ಡೋಡಿಸೈಲ್ ಸಲ್ಫೇಟಿಗೆ ಈ ಮಿತಿ ಲೀಟರಿಗೆ ಸುಮಾರು ೨.೩ ಗ್ರಾಂ, ಒಂದು ಮಿಸೆಲ್ಲಿನಲ್ಲಿ ಸುಮಾರು ೬೦ ಅಣುಗಳಿರುತ್ತವೆ.

ಪಾಲಿಮರಿನ ನೆರೆಯಲ್ಲಿ ಮಾರ್ಜಕದ ಗುಂಪು ಈ ಮಿತಿಗಿಂತ ಕಡಮೆಯಲ್ಲಿಯೇ ಕಟ್ಟಿಕೊಳ್ಳುವುದುಂಟು. ಪಾಲಿಮರಿನ ವಿದ್ಯುತ್ತಿಗೂ ಮಾರ್ಜಕದ ವಿದ್ಯುತ್ತಿಗೂ ವಿರೋಧವಿದ್ದರಂತೂ ಬಹಳ ಅಲ್ಪ ಪ್ರಮಾಣದಲ್ಲಿಯೇ ಆಗುತ್ತದೆ. ಹೀಗೆ ಕಟ್ಟಿಕೊಂಡ ಗುಂಪು ಹಲವು ಸರಪಳಿಗಳನ್ನು ಒಟ್ಟಿಗೆ ಹಿಡಿದರೆ ಅದೇ ಒಂದು ಗಂಟಾಯಿತು. ಈ ಗಂಟು ತಾತ್ಕಾಲಿಕ. ಎಳೆದಾಗ ಬಿಚ್ಚಿ ಶಕ್ತಿಯನ್ನು ನುಂಗುತ್ತದೆ, ಬಿಟ್ಟಾಗ ಮತ್ತೆ ಕಟ್ಟಿಕೊಳ್ಳುತ್ತದೆ. ೨೦೧೧ರಲ್ಲಿ ಇಸ್ತಾಂಬುಲ್ಲಿನ ಒಗುಜ್ ಒಕಾಯ್ ಮತ್ತು ಸಂಗಡಿಗರು ವಿವರಿಸಿದ ಜೆಲ್ಲಿನಲ್ಲಿ, ಪಾಲಿಅಕ್ರಿಲಮೈಡಿನ ಸರಪಳಿಗೆ ಅಂಟಿಸಿದ ಎಣ್ಣೆಬಾಲಗಳು ಡೋಡಿಸೈಲ್ ಸಲ್ಫೇಟಿನ ಮಿಸೆಲ್ಲುಗಳಲ್ಲಿ ಹುದುಗಿದ್ದುವು. ಅದನ್ನು ಕತ್ತರಿಸಿ ತುಂಡುಗಳನ್ನು ಜೋಡಿಸಿ ಹಿಡಿದರೆ ತಾನೇ ಕೂಡಿಕೊಳ್ಳುತ್ತಿತ್ತು. ಮಾರ್ಜಕವನ್ನು ತೊಳೆದು ತೆಗೆದಾಗ ಜೆಲ್ಲು ಹೆಚ್ಚು ಬಿಗಿಯಾಯಿತು, ಆದರೆ ಕೂಡಿಕೊಳ್ಳುವ ಗುಣ ಹೋಯಿತು. ಬಿಗಿತವೊಂದೇ ಬಲವಲ್ಲ ಎಂಬುದಕ್ಕೆ ಇದು ನಿದರ್ಶನ.

೬. ಹೈಡ್ರೊಜನ್ನನ್ನು ಸ್ವೀಕರಿಸುವವರು ಯಾರು?

ಆಮ್ಲದ ಪರಿಣಾಮವನ್ನು ತಿಳಿಯಬೇಕಾದರೆ ಕೇಳಬೇಕಾದ ಪ್ರಶ್ನೆ ಇದೊಂದೇ. ಇದಕ್ಕೆ ನಾಲ್ಕು ಉತ್ತರಗಳು ಸಾಧ್ಯ.

ಮೊದಲನೆಯದು, ಪಾಲಿಮರ್ ಸ್ವೀಕರಿಸಿ ತನ್ನ ವಿದ್ಯುತ್ತನ್ನು ಕಳೆದುಕೊಳ್ಳುವುದು. ಪಾಲಿಅಕ್ರಿಲಿಕ್ ಆಮ್ಲದ ಜೆಲ್ಲಿಗೆ ಧನವಿದ್ಯುತ್ತಿನ ತಲೆಯುಳ್ಳ ಮಾರ್ಜಕವನ್ನು ಸೇರಿಸಿದ್ದರೆ, ಹುಳಿಯಿಲ್ಲದಾಗ ಎರಡೂ ಬಿಗಿಯಾಗಿ ಹಿಡಿದುಕೊಂಡು ಜೆಲ್ಲು ಕುಗ್ಗಿ ದಟ್ಟವಾಗಿರುತ್ತದೆ. ಹುಳಿ ಬಂದರೆ ಪಾಲಿಮರಿನ ಋಣವಿದ್ಯುತ್ತು ಅಳಿದು ವಿದ್ಯುತ್ತಿನ ಹಿಡಿತ ಸಡಿಲುತ್ತದೆ. ಮಿಸೆಲ್ಲಿನ ಗಂಟುಗಳು ಬಿಚ್ಚಬಹುದು. ಅದೇ ವೇಳೆಗೆ ಹುಳಿಯು ಬಲೆಯನ್ನು ತಾನಾಗಿಯೇ ಕುಗ್ಗಿಸುತ್ತಲೂ ಇರುತ್ತದೆ. ಗಂಟು ಬಿಚ್ಚುವುದರಿಂದ ಬಲಹಾನಿ, ದಟ್ಟವಾಗುವುದರಿಂದ ಬಲವೃದ್ಧಿ: ಎರಡು ವಿರುದ್ಧ ಕಾರಣಗಳು ಏಕಕಾಲದಲ್ಲಿ ನಡೆಯುತ್ತವೆ. ಅಳೆದ ಬಿಗಿತ ಬದಲಾಗಲಿಲ್ಲವೆಂದು ಆಮ್ಲ ಏನೂ ಮಾಡಲಿಲ್ಲವೆಂದು ಹೇಳುವಂತಿಲ್ಲ.

ಎರಡನೆಯದು, ಪಾಲಿಮರ್ ಸ್ವೀಕರಿಸಿ ವಿದ್ಯುತ್ತನ್ನು ಪಡೆಯುವುದು. ಸೀಗಡಿ, ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೋಸಾನ್ ಇಂತಹುದು. ಪಿ.ಎಚ್. ಸುಮಾರು ೬.೫ಕ್ಕಿಂತ ಕೆಳಗೆ ಅದು ಧನವಿದ್ಯುತ್ತನ್ನು ತಳೆದು ನೀರಿನಲ್ಲಿ ಕರಗುತ್ತದೆ. ಆ ಹುಳಿದ್ರಾವಣವನ್ನು ಡೋಡಿಸೈಲ್ ಸಲ್ಫೇಟಿನ ದ್ರಾವಣದಲ್ಲಿ ಹನಿಹನಿಯಾಗಿ ಬಿಟ್ಟರೆ ಹನಿಯ ಸುತ್ತ ಒಡನೆಯೇ ತೊಗಲು ಕಟ್ಟಿ ಜೆಲ್ಲಿನ ಮಣಿಯಾಗುತ್ತದೆ. ಇಲ್ಲಿ ಹುಳಿಯೇ ಗಂಟಿನ ಮೂಲ. ಹುಳಿ ಹೋದರೆ ಮಾರ್ಜಕದ ಹಿಡಿತ ಸಡಿಲುತ್ತದೆ.

ಮೂರನೆಯದು, ಮಾರ್ಜಕವೇ ಸ್ವೀಕರಿಸುವುದು. ಸಾಬೂನಿನ ನೀರಿಗೆ ನಿಂಬೆಯ ರಸ ಹಿಂಡಿದರೆ ನೊರೆ ಸತ್ತು ನೀರು ಕದಡುತ್ತದೆ. ಸಾಬೂನು ಕೊಬ್ಬಿನಾಮ್ಲವಾಗಿ ಬೇರ್ಪಡುತ್ತದೆ. ಸಾಬೂನಿನ ಮಿಸೆಲ್ಲನ್ನು ನೆಚ್ಚಿದ ಜೆಲ್ಲು ಹುಳಿಯಲ್ಲಿ ಹೀಗೆಯೇ ಹಾಳಾಗುತ್ತದೆ. ಸ್ವಭಾವತಃ ಹುಳಿಯಾದ ಸೀಗೆಯ ನೀರು ನೊರೆ ಬಿಡುವುದನ್ನು ನೋಡಿದರೆ ಎಲ್ಲ ಮಾರ್ಜಕಗಳೂ ಒಂದೇ ಬಗೆಯಲ್ಲವೆಂದು ತಿಳಿಯುತ್ತದೆ.

ನಾಲ್ಕನೆಯದು, ಯಾರೂ ಸ್ವೀಕರಿಸದಿರುವುದು. ಪಾಲಿಅಕ್ರಿಲಮೈಡಿಗೆ ಅಯಾನಾಗುವ ಅಂಶವಿಲ್ಲ. ಡೋಡಿಸೈಲ್ ಸಲ್ಫೇಟು ಸಾಮಾನ್ಯ ಹುಳಿಯಲ್ಲಿ ತನ್ನ ವಿದ್ಯುತ್ತನ್ನು ಬಿಡುವುದಿಲ್ಲ. ಇವೆರಡರ ಜೆಲ್ಲು ಸಾಧಾರಣ ಆಮ್ಲತೆಯ ಬದಲಾವಣೆಗೆ ಅಷ್ಟಾಗಿ ಜಗ್ಗದು. ತೀವ್ರವಾದ ಆಮ್ಲದಲ್ಲಿ ಬಹುಕಾಲ ಇಟ್ಟರೆ ಮಾತ್ರ ಬಂಧಗಳೇ ನಿಧಾನವಾಗಿ ಸವೆಯುತ್ತವೆ.

ವ್ಯಾಕರಣ ಬಲ್ಲವರಿಗೆ ಇದು ಹೊಸ ತತ್ತ್ವವಲ್ಲ. ಎರಡು ವರ್ಣಗಳು ಎದುರಾದಾಗ ಒಂದೆಡೆ ಲೋಪ, ಇನ್ನೊಂದೆಡೆ ಆಗಮ, ಮತ್ತೊಂದೆಡೆ ಆದೇಶ. ಕೆಲವೆಡೆ ಸಂಧಿಯೇ ಆಗದೆ ಪ್ರಕೃತಿಭಾವ. ಎದುರಾದದ್ದನ್ನು ಮಾತ್ರ ನೋಡಿ ಕಾರ್ಯವನ್ನು ಹೇಳಲಾಗದು. ಎದುರುಗೊಂಡದ್ದು ಯಾವುದೆಂಬುದನ್ನೂ ನೋಡಬೇಕು. ಜೆಲ್ಲುಗಳಲ್ಲಿಯೂ ನ್ಯಾಯ ಅದೇ.

೭. ಲವಣದ ಮರೆ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಮ್ಲಕ್ಕೆ ಕ್ಷಾರ ಸೇರಿದರೆ ಲವಣ ಹುಟ್ಟುತ್ತದೆ. ಲವಣವೂ ಬಲೆಯೊಳಗಿನ ವಿದ್ಯುತ್ತಿಗೆ ಮರೆಯಾಗಿ ನಿಂತು ಜೆಲ್ಲನ್ನು ಕುಗ್ಗಿಸುತ್ತದೆ. ಮಾರ್ಜಕದ ಗುಂಪುಗಾರಿಕೆಯನ್ನೂ ಬದಲಿಸುತ್ತದೆ. ಆದುದರಿಂದ ಒಂದು ಜೆಲ್ಲಿಗೆ ಸರದಿಯಲ್ಲಿ ಆಮ್ಲವನ್ನೂ ಕ್ಷಾರವನ್ನೂ ಕೊಡುತ್ತ ಹೋದವನು, ಲವಣವನ್ನು ತೊಳೆಯದಿದ್ದರೆ, ಲವಣದ ಫಲವನ್ನು ಆಮ್ಲದ ಲೆಕ್ಕಕ್ಕೆ ಬರೆದುಬಿಡುತ್ತಾನೆ.

ಇದನ್ನು ಯಾವ ಶಾಲೆಯಲ್ಲಾದರೂ ತೋರಿಸಬಹುದು. ಕಾರ್ಬೋಮರ್ ಇರುವ ಕೈಶುದ್ಧಿಯ ಜೆಲ್ಲನ್ನು ಮೂರು ಬಟ್ಟಲುಗಳಿಗೆ ಸಮನಾಗಿ ಹಾಕಬೇಕು. ಅದು ಬೆಂಕಿಗೆ ಹೊತ್ತುವ ವಸ್ತುವಾದುದರಿಂದ ಹತ್ತಿರದಲ್ಲಿ ದೀಪ, ಒಲೆ ಇರಕೂಡದು. ಮೊದಲನೆಯದಕ್ಕೆ ಕೆಲವು ಹನಿ ನೀರು, ಎರಡನೆಯದಕ್ಕೆ ಅಷ್ಟೇ ನಿಂಬೆಯ ರಸ, ಮೂರನೆಯದಕ್ಕೆ ಅಷ್ಟೇ ಉಪ್ಪುನೀರು ಬೆರೆಸಿ ಕಲಕಬೇಕು. ಮೊದಲನೆಯದು ಬಹುಮಟ್ಟಿಗೆ ಜೆಲ್ಲಾಗಿಯೇ ನಿಲ್ಲುತ್ತದೆ. ಉಳಿದೆರಡೂ ನೀರಾಗಿ ಹರಿಯುತ್ತವೆ. ನಿಂಬೆ ಬೆರೆತದ್ದಕ್ಕೆ ಅಡಿಗೆಸೋಡ ಹಾಕಿ ಹುಳಿಯನ್ನು ಕಳೆದರೂ ಸಾಮಾನ್ಯವಾಗಿ ಹಿಂದಿನ ಗಟ್ಟಿತನ ಪೂರ್ತಿ ಮರಳದು. ಹುಟ್ಟಿದ ಲವಣ ಒಳಗೇ ಉಳಿದಿರುತ್ತದೆ. ಎರಡನೆಯ ಬಟ್ಟಲನ್ನು ಮಾತ್ರ ನೋಡಿದ ಬಾಲಕ ಹುಳಿಯೇ ಕಾರಣವೆನ್ನುತ್ತಾನೆ. ಮೂರನ್ನೂ ನೋಡಿದವನು ಒಂದೇ ಕಾರ್ಯಕ್ಕೆ ಎರಡು ಕಾರಣಗಳಿರಬಲ್ಲವೆಂದು ಕಲಿಯುತ್ತಾನೆ. ಬೆಲೆಬಾಳುವ ಉಪಕರಣವಿಲ್ಲದೆಯೇ ಈ ವಿವೇಕ ಲಭಿಸುವುದೆಂಬುದು ಅಧ್ಯಾಪಕರು ಗಮನಿಸತಕ್ಕ ಅಂಶ.

೮. ಪ್ರಯೋಜನ

ಈ ವಿಚಾರ ಕೇವಲ ಕುತೂಹಲದ್ದಲ್ಲ; ರೋಗಿಯ ಕ್ಷೇಮ ಇದರಲ್ಲಿದೆ. ಬರಿಹೊಟ್ಟೆಯ ಜಠರದಲ್ಲಿ ಪಿ.ಎಚ್. ಸಾಮಾನ್ಯವಾಗಿ ೧ರಿಂದ ೩. ಸಣ್ಣಕರುಳಿನಲ್ಲಿ ೬ರಿಂದ ೭ಕ್ಕೂ ಮೇಲೆ. ಜಠರದ ಹುಳಿಯಲ್ಲಿ ಮುದುಡಿಕೊಂಡು ಮದ್ದನ್ನು ಕಾಪಾಡಿ, ಕರುಳಿನಲ್ಲಿ ಉಬ್ಬಿ ಮೆಲ್ಲನೆ ಬಿಡುವ ಜೆಲ್ಲುಗಳನ್ನು ಈ ತತ್ತ್ವದ ಮೇಲೆಯೇ ರೂಪಿಸುತ್ತಾರೆ. ಆದರೆ ಉಬ್ಬಿದಾಗ ಅದು ಬಿರಿಯುವಷ್ಟು ದುರ್ಬಲವಾದರೆ, ದಿನವಿಡೀ ಹಂಚಿಹೋಗಬೇಕಾದ ಮದ್ದು ಒಮ್ಮೆಗೇ ದೇಹಕ್ಕೆ ಸುರಿಯುತ್ತದೆ. ಔಷಧವು ಪ್ರಮಾಣ ಮೀರಿದರೆ ವಿಷ.

ಗಾಯಕ್ಕೆ ಹೊದಿಸುವ ಜೆಲ್ಲಿನ ಪಟ್ಟಿಯಲ್ಲಿಯೂ ಹೀಗೆಯೇ. ಆರೋಗ್ಯವಂತ ಚರ್ಮದ ಹೊರಮೈ ತುಸು ಹುಳಿ. ಬಹುಕಾಲ ಮಾಯದ ಗಾಯ ಹೆಚ್ಚಾಗಿ ಕ್ಷಾರದ ಕಡೆಗೆ ವಾಲಿರುತ್ತದೆ. ಒಂದರ ಮೇಲೆ ಗಟ್ಟಿಯಾಗಿ ನಿಂತ ಪಟ್ಟಿ ಇನ್ನೊಂದರ ಮೇಲೆ ಹರಿಯಬಹುದು. ಬಿಚ್ಚಿದ ಗಂಟಿನಿಂದ ಮಾರ್ಜಕವು ಹೊರಗೆ ಸೋರಿದರೆ ಹಸಿಗಾಯವನ್ನು ಕೆರಳಿಸೀತು. ಧನವಿದ್ಯುತ್ತಿನ ಮಾರ್ಜಕಗಳು ಜೀವಕೋಶಗಳಿಗೂ ಹಾನಿಕರ. ಆದುದರಿಂದ ಜೆಲ್ಲಿನ ಬಲವನ್ನು ಶುದ್ಧಜಲದಲ್ಲಿ ಅಳೆದು ತೃಪ್ತಿಪಡುವುದು ಸಲ್ಲದು. ಅದು ಕೆಲಸ ಮಾಡಬೇಕಾದ ಸ್ಥಳದ ಹುಳಿಯಲ್ಲಿ, ಅಲ್ಲಿಯ ಲವಣದಲ್ಲಿ, ಅಲ್ಲಿಯ ಬಿಸಿಯಲ್ಲಿ ಅಳೆಯಬೇಕು.

೯. ಉಪಸಂಹಾರ

ಹುಳಿಯು ಜೆಲ್ಲಿಗೆ ಬಲ ಕೊಡುವುದೋ ಬಲ ಕಳೆಯುವುದೋ ಎಂಬ ಮೊದಲ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ವಿದ್ಯುತ್ತಿನ ದೂಡುವಿಕೆಯೇ ಕೂಡುವಿಕೆಗೆ ಅಡ್ಡಿಯಾಗಿದ್ದ ಹಾಲಿನಲ್ಲಿ ಹುಳಿ ಆ ಅಡ್ಡಿಯನ್ನು ತೆಗೆದು ಬಲ ಕೊಟ್ಟಿತು. ವಿದ್ಯುತ್ತಿನ ದೂಡುವಿಕೆಯೇ ಉಬ್ಬಿಗೂ ಒತ್ತಿಗೂ ಆಧಾರವಾಗಿದ್ದ ಕಾರ್ಬೋಮರಿನಲ್ಲಿ ಅದೇ ಹುಳಿ ಆಧಾರವನ್ನು ತೆಗೆದು ಬಲ ಕಳೆಯಿತು. ಹುಳಿ ಮಾಡಿದ ಕೆಲಸ ಎರಡು ಕಡೆಯೂ ಒಂದೇ, ವಿದ್ಯುತ್ತನ್ನು ಅಳಿಸಿದ್ದು. ಫಲಭೇದಕ್ಕೆ ಕಾರಣ ಪದಾರ್ಥದ ಒಳಗಟ್ಟು. ಮಾರ್ಜಕ ಸೇರಿದಲ್ಲಿ ಈ ಒಳಗಟ್ಟು ಎರಡು ಪದರದ್ದಾಗುತ್ತದೆ. ವಿಚಾರವೂ ಎರಡು ಪದರದ್ದಾಗಬೇಕು. ಮುಂದಿನ ಸಲ ಮೊಸರಿನ ಗಡಿಗೆಯ ಮುಚ್ಚಳ ತೆಗೆಯುವ ವಿದ್ಯಾರ್ಥಿ, ಇದು ಏಕೆ ಗಟ್ಟಿಯಾಯಿತು ಎಂದು ಕೇಳಿ, ಇನ್ನೊಂದು ಏಕೆ ಗಟ್ಟಿಯಾಗಲಿಲ್ಲ ಎಂದೂ ಕೇಳಿದರೆ, ಪಾಠ ಸಾರ್ಥಕವಾದಂತೆ.